ಪಪ್ಪಾಯಿ ಹಿಟ್ಟು ತಿಗಣೆಯ ಹತೋಟಿ: ದೇಶ ದೇಶಗಳ ನಡುವಿನ ಮಾಹಿತಿ ವಿನಿಮಯದ ಒಂದು ಪಾಠ

ಬೆಳೆಯಲ್ಲಿ ಹೊಸ ಕೀಟವೊಂದು ಕಾಣಿಸಿಕೊಂಡಾಗ ರೈತರು ಮೊದಲು ಕೇಳುವುದು "ಇದಕ್ಕೆ ಯಾವ ಔಷಧಿ ಹೊಡೆಯಬೇಕು?" ಎಂದು. ಇದು ಸಹಜ. ಆದರೆ ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರಿವೆ. ಈ ಕೀಟ ಯಾವುದು? ಇದು ಹಿಂದೆ ಯಾವ ದೇಶದಲ್ಲಿತ್ತು? ಅಲ್ಲಿ ಇದನ್ನು ಹೇಗೆ ಹತೋಟಿಗೆ ತಂದರು? ಈ ಮೂರಕ್ಕೂ ಉತ್ತರ ಸಿಗಬೇಕಾದರೆ ಬೇರೆ ದೇಶಗಳ ಅನುಭವ ನಮಗೆ ತಿಳಿದಿರಬೇಕು, ನಮ್ಮ ಅನುಭವ ಅವರಿಗೆ ತಿಳಿಯಬೇಕು. ಈ ಕೊಡುಕೊಳ್ಳುವಿಕೆ ಹೇಗೆ ನಡೆಯುತ್ತದೆ, ಅದರಿಂದ ರೈತರಿಗೆ ಏನು ಲಾಭ ಎಂಬುದನ್ನು ಪಪ್ಪಾಯಿ ಹಿಟ್ಟು ತಿಗಣೆಯ ಉದಾಹರಣೆಯಿಂದ ಈ ಲೇಖನದಲ್ಲಿ ವಿವರಿಸಲಾಗಿದೆ.

ಕೀಟ ಬಂದ ದಾರಿ

ಪಪ್ಪಾಯಿ ಹಿಟ್ಟು ತಿಗಣೆಯ ಮೂಲ ಸ್ಥಾನ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಅಲ್ಲಿ ಇದು ದೊಡ್ಡ ಪಿಡುಗಾಗಿರಲಿಲ್ಲ. ಇದನ್ನು ತಿಂದು ಬದುಕುವ ಸ್ವಾಭಾವಿಕ ಶತ್ರುಗಳು ಅಲ್ಲಿಯೇ ಇದ್ದುದು ಇದಕ್ಕೆ ಕಾರಣ. 1990ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳಿಗೂ 1998ರಲ್ಲಿ ಅಮೆರಿಕದ ಫ್ಲಾರಿಡಾಕ್ಕೂ ಇದು ಕಾಲಿಟ್ಟಿತು. 2002ರಲ್ಲಿ ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಕಂಡುಬಂದಿತು. 2008ರ ಜುಲೈನಲ್ಲಿ ತಮಿಳುನಾಡಿನ ಕೊಯಮತ್ತೂರಿನಲ್ಲಿ ಪಪ್ಪಾಯಿ ಗಿಡಗಳ ಮೇಲೆ ಕಾಣಿಸಿಕೊಂಡು, ಬಳಿಕ ಕರ್ನಾಟಕ, ಕೇರಳ, ಮಹಾರಾಷ್ಟ್ರಗಳಿಗೂ ಹರಡಿತು.

ಈ ಕೀಟ ಪಪ್ಪಾಯಿಯೊಂದಕ್ಕೇ ಸೀಮಿತವಲ್ಲ. ಹಿಪ್ಪುನೇರಳೆ, ಮರಗೆಣಸು, ಹತ್ತಿ, ದಾಸವಾಳ ಮೊದಲಾದ ಅನೇಕ ಗಿಡಗಳ ಮೇಲೂ ಪಾರ್ಥೇನಿಯಂ ಕಳೆಯ ಮೇಲೂ ಇದು ಬದುಕುತ್ತದೆ. ರಸ ಹೀರುವುದರಿಂದ ಎಲೆ ಮುದುಡಿ ಹಳದಿಯಾಗುತ್ತದೆ. ಕೀಟ ಸ್ರವಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಕಾಯಿಗಳು ಬಿಳಿ ಹಿಟ್ಟಿನಿಂದ ಮುಚ್ಚಿಹೋಗಿ ಮಾರಾಟಕ್ಕೆ ಬಾರದಂತಾಗುತ್ತವೆ.

ಮೈಮೇಲೆ ಮೇಣದಂತಹ ಹೊದಿಕೆ ಇರುವುದರಿಂದ ಕೀಟನಾಶಕ ಇದಕ್ಕೆ ಸರಿಯಾಗಿ ತಗಲುವುದಿಲ್ಲ. ಸಿಂಪರಣೆ ಮಾಡಿದ ಕೆಲವೇ ದಿನಗಳಲ್ಲಿ ಕೀಟ ಮತ್ತೆ ಹೆಚ್ಚುತ್ತದೆ. ಉಪಕಾರಿ ಕೀಟಗಳು ಮಾತ್ರ ಸಾಯುತ್ತವೆ. ರೇಷ್ಮೆ ಬೆಳೆಗಾರರ ಕಷ್ಟ ಇನ್ನೂ ಹೆಚ್ಚು. ಹಿಪ್ಪುನೇರಳೆಗೆ ವಿಷ ಹೊಡೆದರೆ ಆ ಸೊಪ್ಪು ತಿಂದ ರೇಷ್ಮೆ ಹುಳು ಸಾಯುತ್ತದೆ. ಹೊಡೆಯದೆ ಬಿಟ್ಟರೆ ಹುಳುವಿಗೆ ಸೊಪ್ಪೇ ಇರುವುದಿಲ್ಲ.

ಸರಿಯಾದ ಹೆಸರಿನ ಮಹತ್ವ

ನಮ್ಮಲ್ಲಿ ಹಿಟ್ಟು ತಿಗಣೆಗಳು ಹಲವು ಜಾತಿಯವು. ಬರಿಗಣ್ಣಿಗೆ ಎಲ್ಲವೂ ಬೆಳ್ಳಗೆ ಹಿಟ್ಟು ಉದುರಿಸಿದಂತೆ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಜಾತಿಯನ್ನು ಗುರುತಿಸಬೇಕಾಗುತ್ತದೆ. ಕೊಯಮತ್ತೂರಿನ ಕೀಟ 1992ರಲ್ಲಿ ಮೆಕ್ಸಿಕೋದ ಮಾದರಿಗಳಿಂದ ವಿವರಿಸಲಾಗಿದ್ದ ಪ್ಯಾರಾಕಾಕಸ್ ಮಾರ್ಜಿನೇಟಸ್ ಎಂದು ಖಚಿತವಾಯಿತು.

ಊರಿಗೊಂದು ಹೆಸರಿನಿಂದ ಕರೆದರೆ ಗ್ರಂಥಾಲಯದಲ್ಲಿ ಹುಡುಕಲು ಸಾಧ್ಯವಿಲ್ಲ. ವೈಜ್ಞಾನಿಕ ಹೆಸರು ಎಲ್ಲ ದೇಶಗಳಲ್ಲಿಯೂ ಒಂದೇ. ಆ ಹೆಸರು ತಿಳಿದ ಕೂಡಲೇ ಈ ಕೀಟದ ಬಗ್ಗೆ ಬೇರೆ ದೇಶಗಳಲ್ಲಿ ಬರೆದಿಟ್ಟಿದ್ದೆಲ್ಲವನ್ನೂ ಹುಡುಕಿ ತೆಗೆಯಬಹುದಾಯಿತು. ಮೆಕ್ಸಿಕೋದಿಂದ ತಂದ ಸಣ್ಣ ಪರತಂತ್ರ ಕಣಜಗಳನ್ನು ಪೋರ್ಟೊರಿಕೊ ಮತ್ತು ಡೊಮಿನಿಕನ್ ಗಣರಾಜ್ಯಗಳಲ್ಲಿ ಬಿಡುಗಡೆ ಮಾಡಿದಾಗ ಹಿಟ್ಟು ತಿಗಣೆ ಶೇ. 97ರಷ್ಟು ಹಾಗೂ ಅದಕ್ಕೂ ಹೆಚ್ಚು ಕಡಿಮೆಯಾಗಿತ್ತು. ಗುವಾಮ್‌ನಲ್ಲಿ ಒಂದು ವರ್ಷದೊಳಗೆ ಶೇ. 99ಕ್ಕೂ ಹೆಚ್ಚು ಇಳಿದಿತ್ತು. ಈ ಫಲಿತಾಂಶಗಳು 2004ರ ಹೊತ್ತಿಗೇ ಪ್ರಕಟವಾಗಿದ್ದವು. ಅಂದರೆ, ರೋಗ ನಮ್ಮಲ್ಲಿಗೆ ಬರುವ ಮೊದಲೇ ಮದ್ದು ಪುಸ್ತಕದಲ್ಲಿತ್ತು.

ಪುಸ್ತಕದಿಂದ ಹೊಲಕ್ಕೆ

ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೀಟ ಸಂಪನ್ಮೂಲ ಸಂಸ್ಥೆಯು ಕೇಂದ್ರ ಸರಕಾರದ ಅನುಮತಿಯೊಂದಿಗೆ 2010ರ ಜುಲೈನಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಪರತಂತ್ರ ಕಣಜಗಳನ್ನು ತರಿಸಿಕೊಂಡಿತು. ಹೊರದೇಶದ ಕೀಟವನ್ನು ನೇರವಾಗಿ ಹೊಲಕ್ಕೆ ಬಿಡುವಂತಿಲ್ಲ. ಮೊದಲು ಕ್ವಾರಂಟೈನ್ ಕೊಠಡಿಯಲ್ಲಿಟ್ಟು, ಅದರೊಂದಿಗೆ ಬೇರಾವ ಜೀವಿಯೂ ಬಂದಿಲ್ಲವೆಂದೂ ಅದರಿಂದ ಉಪಕಾರಿ ಕೀಟಗಳಿಗೆ ಅಪಾಯವಿಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು. ಆ ಬಳಿಕ ಸಂಖ್ಯೆಯನ್ನು ವೃದ್ಧಿಸಿ, ಅದೇ ವರ್ಷದ ಕೊನೆಯ ಭಾಗದಲ್ಲಿ ಹೊಲಗಳಿಗೆ ಬಿಡಲು ಆರಂಭಿಸಲಾಯಿತು. ಕೃಷಿ ವಿಶ್ವವಿದ್ಯಾಲಯಗಳು ಮತ್ತು ಕೃಷಿ ವಿಜ್ಞಾನ ಕೇಂದ್ರಗಳು ಈ ಕಾರ್ಯದಲ್ಲಿ ಕೈಜೋಡಿಸಿದವು.

ಇವುಗಳಲ್ಲಿ ಅಸಿರೋಫೇಗಸ್ ಪಪಾಯೆ ಎಂಬ ಕಣಜ ಹೆಚ್ಚು ಪರಿಣಾಮಕಾರಿಯೆಂದು ಕಂಡುಬಂದಿತು. ಇದು ಎಳೆಯ ಹಿಟ್ಟು ತಿಗಣೆಯ ದೇಹದೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದಲೇ ತಿಂದು ಬೆಳೆದು, ಗಟ್ಟಿಯಾದ ಚಿಪ್ಪಿನಲ್ಲಿ ತೂತು ಮಾಡಿಕೊಂಡು ಹೊರಬರುತ್ತದೆ. ಬಿಡುಗಡೆ ಮಾಡಿದ ಕಡೆಗಳಲ್ಲಿ ಕೆಲವೇ ತಿಂಗಳುಗಳಲ್ಲಿ ಕೀಟದ ಬಾಧೆ ಇಳಿಮುಖವಾಯಿತು. ಕಣಜ ಒಮ್ಮೆ ನೆಲೆಯೂರಿದರೆ ರೈತರಿಗೆ ಬೇರೆ ಖರ್ಚಿಲ್ಲ.

ಆದರೆ ಒಂದು ವಿಷಯವನ್ನು ಗಮನಿಸಬೇಕು. ಕೀಟ ಕಂಡದ್ದು 2008ರ ಜುಲೈ. ಕಣಜ ಬಂದದ್ದು 2010ರ ಜುಲೈ. ಈ ಎರಡು ವರ್ಷ ನಷ್ಟ ಅನುಭವಿಸಿದವರು ಬೆಳೆಗಾರರು. ಅನುಮತಿ, ಪರೀಕ್ಷೆಗಳನ್ನು ಬಿಡುವಂತಿಲ್ಲ. ಆದರೆ ಕೀಟ ಬಂದ ಸುದ್ದಿ ಎಷ್ಟು ಬೇಗ ತಿಳಿಯುತ್ತದೋ ಅಷ್ಟು ಬೇಗ ಆ ಕೆಲಸಗಳನ್ನು ಆರಂಭಿಸಬಹುದು.

ಮಾಹಿತಿ ಎಲ್ಲಿ ಶೇಖರವಾಗುತ್ತದೆ?

1. ಸಾರ ಸಂಗ್ರಹಗಳು: ಕೀಟಗಳ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ಪ್ರಕಟವಾಗುವ ಲೇಖನಗಳ ಸಾರಾಂಶವನ್ನು ಒಂದೆಡೆ ಮುದ್ರಿಸುವ ಕೆಲಸ 1913ರಲ್ಲಿಯೇ ಲಂಡನ್ನಿನಲ್ಲಿ ಆರಂಭವಾಯಿತು. ಕೃಷಿ ವಿಶ್ವವಿದ್ಯಾಲಯಗಳ ಹಳೆಯ ಗ್ರಂಥಾಲಯಗಳಲ್ಲಿ ಆ ದಪ್ಪ ಸಂಪುಟಗಳನ್ನು ಕಾಣಬಹುದು. ಕ್ಯಾಬಿ ಎಂಬ ಸಂಸ್ಥೆ ಈ ಕೆಲಸವನ್ನು ಈಗ ಕಂಪ್ಯೂಟರ್ ಮೂಲಕ ನಡೆಸುತ್ತಿದೆ.

2. ಅಗ್ರಿಸ್: ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1970ರ ದಶಕದಲ್ಲಿ ಆರಂಭಿಸಿದ ವ್ಯವಸ್ಥೆ. ಪ್ರತಿ ದೇಶದ ಕೇಂದ್ರವೂ ತನ್ನ ಕೃಷಿ ಸಾಹಿತ್ಯದ ವಿವರವನ್ನು ತಾನೇ ಕಳುಹಿಸುತ್ತದೆ. ಎಲ್ಲರದನ್ನೂ ಎಲ್ಲರೂ ನೋಡಬಹುದು.

3. ವಂಶವಾಹಿ ಭಂಡಾರಗಳು: ಅಮೆರಿಕ, ಯೂರೋಪ್ ಮತ್ತು ಜಪಾನ್ ದೇಶಗಳ ಮೂರು ಕೇಂದ್ರಗಳು ಜೀವಿಗಳ ಡಿಎನ್‌ಎ ವಿವರಗಳನ್ನು ಪ್ರತಿದಿನ ಪರಸ್ಪರ ಹಂಚಿಕೊಳ್ಳುತ್ತವೆ. ಮರಿಹುಳುವಿನ ಒಂದು ತುಣುಕಿನಿಂದಲೂ ಜಾತಿಯನ್ನು ಹೋಲಿಸಿ ತಿಳಿಯಬಹುದು.

4. ಸಸ್ಯ ಸಂರಕ್ಷಣಾ ಒಪ್ಪಂದ: 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಪ್ರಕಾರ, ಬೇರೆಯವರಿಗೆ ಅಪಾಯ ತರಬಲ್ಲ ಪಿಡುಗು ಕಂಡುಬಂದರೆ ಸದಸ್ಯ ದೇಶ ಅದನ್ನು ತಿಳಿಸಬೇಕು. ಭಾರತವೂ ಇದರ ಸದಸ್ಯ.

ಕರ್ನಾಟಕದಿಂದ ಹೋದ ಎಚ್ಚರಿಕೆ

ನಾವು ಯಾವಾಗಲೂ ಪಡೆಯುವವರೇ ಎಂದು ತಿಳಿಯಬಾರದು. ಅಮೆರಿಕ ಖಂಡದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲಿಯೇ ಮೊದಲ ಬಾರಿಗೆ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಇದನ್ನು ಗುರುತಿಸಲಾಯಿತು. ತಲೆಯ ಮೇಲಿನ ತಲೆಕೆಳಗಾದ ಇಂಗ್ಲಿಷ್ ವೈ ಗುರುತು, ಹಿಂಭಾಗದಲ್ಲಿ ಚೌಕಾಕಾರವಾಗಿರುವ ನಾಲ್ಕು ಕಪ್ಪು ಚುಕ್ಕೆಗಳು ಇದರ ಲಕ್ಷಣ. ಡಿಎನ್‌ಎ ಹೋಲಿಕೆಯೂ ಇದನ್ನು ದೃಢಪಡಿಸಿತು. ಈ ವರದಿ ಏಷ್ಯಾದ ನೆರೆಯ ದೇಶಗಳಿಗೆ ಮುನ್ನೆಚ್ಚರಿಕೆಯಾಯಿತು. ಅದೇ ವರ್ಷ ಶ್ರೀಲಂಕಾ, ಬಾಂಗ್ಲಾದೇಶ, ಥೈಲ್ಯಾಂಡ್‌ಗಳಲ್ಲಿಯೂ 2019ರ ಆರಂಭದಲ್ಲಿ ಚೀನಾದಲ್ಲಿಯೂ ಹುಳು ಕಂಡುಬಂದಿತು.

ರೈತರು ಮಾಡಬೇಕಾದುದೇನು?

1. ಹಿಂದೆಂದೂ ನೋಡದ ಕೀಟ ಅಥವಾ ರೋಗ ಕಂಡರೆ ಅಕ್ಕಪಕ್ಕದವರನ್ನು ಕೇಳಿ ಸುಮ್ಮನಾಗದೆ, ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೂಡಲೇ ತಿಳಿಸಬೇಕು. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

2. ಬಾಧೆಯ ಗಿಡ, ಎಲೆ ಮತ್ತು ಕೀಟದ ಫೋಟೋಗಳನ್ನು ಹಗಲು ಬೆಳಕಿನಲ್ಲಿ ತೆಗೆದುಕೊಳ್ಳಬೇಕು.

3. ಕೀಟದ ಮಾದರಿಯನ್ನು ಸ್ಪಿರಿಟ್ ತುಂಬಿದ ಸಣ್ಣ ಸೀಸೆಯಲ್ಲಿ ಹಾಕಿಡಬೇಕು. ಊರು, ಬೆಳೆ, ತಾರೀಖುಗಳನ್ನು ಪೆನ್ಸಿಲಿನಿಂದ ಚೀಟಿಯಲ್ಲಿ ಬರೆದು ಸೀಸೆಯೊಳಗೇ ಇಡಬೇಕು. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ.

4. ಜೀವಂತ ಕೀಟವಿರುವ ಸೊಪ್ಪು, ಸಸಿ, ಕಾಯಿಗಳನ್ನು ಬೇರೆ ಊರಿಗೆ ಒಯ್ಯಬಾರದು.

5. ಹಿಟ್ಟು ತಿಗಣೆ ಕಂಡಾಗ ಸಿಂಪರಣೆಗೆ ಮೊದಲು, ಗಟ್ಟಿಯಾಗಿ ಸಣ್ಣ ತೂತು ಬಿದ್ದ ತಿಗಣೆಗಳಿವೆಯೇ ಎಂದು ನೋಡಬೇಕು. ಇದ್ದರೆ ಕಣಜ ಕೆಲಸ ಮಾಡುತ್ತಿದೆಯೆಂದು ತಿಳಿದು ವಿಷ ಹೊಡೆಯಬಾರದು. ತೋಟದ ಸುತ್ತಲಿನ ಪಾರ್ಥೇನಿಯಂ ಕಳೆಯನ್ನು ಕಿತ್ತು ನಾಶಪಡಿಸಬೇಕು.

ದೊಡ್ಡ ಗ್ರಂಥಾಲಯವಾಗಲಿ ಕಂಪ್ಯೂಟರಿನ ಭಂಡಾರವಾಗಲಿ, ಹೊಲದಿಂದ ಸುದ್ದಿ ಬಾರದಿದ್ದರೆ ಅವುಗಳಿಂದ ಉಪಯೋಗವಿಲ್ಲ. ಕೀಟವನ್ನು ಮೊದಲು ನೋಡುವವರು ವಿಜ್ಞಾನಿಗಳಲ್ಲ, ದಿನವೂ ಹೊಲಕ್ಕೆ ಹೋಗುವ ರೈತರು. ಅವರು ಒಂದು ವಾರ ಮೊದಲು ತಿಳಿಸಿದರೆ ಒಂದು ವಾರದ ನಷ್ಟ ತಪ್ಪುತ್ತದೆ. ಆದ್ದರಿಂದ ರೈತ ಬಾಂಧವರು ಹೊಸದಾಗಿ ಕಂಡದ್ದನ್ನು ತಡಮಾಡದೆ ತಿಳಿಸಿ, ಈ ವ್ಯವಸ್ಥೆಯ ಪೂರ್ಣ ಪ್ರಯೋಜನ ಪಡೆಯಬೇಕು.