ಎಚೆವೇರಿಯಾ: ಎಲೆಯೇ ಹೂವಾದ ಗಿಡ

ಗಾತ್ರದಲ್ಲಿ ಅಂಗೈಯಷ್ಟು, ಎಲೆಗಳೋ ದಪ್ಪವಾಗಿ, ರಸ ತುಂಬಿ, ಒಂದರ ಮೇಲೊಂದು ಸುತ್ತುಗಟ್ಟಿ ಅರೆಬಿರಿದ ಗುಲಾಬಿಯಂತೆ ಕಾಣುವುವು. ಗಿಡ ಮಾರುವವರಲ್ಲಿ ಈಚೆಗೆ ಹೇರಳವಾಗಿ ದೊರೆಯುತ್ತಿರುವ ಎಚೆವೇರಿಯಾದ ರೂಪ ಇದು. ಮೆಕ್ಸಿಕೋ ದೇಶದ ಬೆಟ್ಟಗಾಡು ಇದರ ಮುಖ್ಯ ತವರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆ ನಾಡಿನ ಸಸ್ಯಗಳ ಚಿತ್ರಗಳನ್ನು ಬರೆದ ಅತನಾಸಿಯೋ ಎಚೆವೆರಿಯಾ ಎಂಬ ಕಲಾವಿದನ ಹೆಸರನ್ನು ದ ಕಾಂಡೊಲ್ ಎಂಬ ಸಸ್ಯವಿಜ್ಞಾನಿ ೧೮೨೮ರಲ್ಲಿ ಈ ಕುಲಕ್ಕೆ ಇಟ್ಟನು. ಇಂತಹ ಚೆಲುವಾದ ಗಿಡವನ್ನು ಮನೆಗೆ ತಂದವರು ಕೆಲವೇ ತಿಂಗಳುಗಳಲ್ಲಿ ಅದನ್ನು ಕಳೆದುಕೊಳ್ಳುವುದುಂಟು. ಅಲಕ್ಷ್ಯದಿಂದಲ್ಲ, ಅಕ್ಕರೆಯಿಂದ ದಿನವೂ ನೀರೆರೆದು! ಈ ಸಾವಿನ ಕಾರಣವು ಭೌತಶಾಸ್ತ್ರದ ಕೆಲವು ಸಣ್ಣ ಸಂಗತಿಗಳಲ್ಲಿ ಅಡಗಿರುವುದರಿಂದ ಅವನ್ನು ತುಸು ವಿವರವಾಗಿ ನೋಡೋಣ.

ಮೊದಲು ಗಿಡದ ಸ್ವಭಾವ. ಸಾಮಾನ್ಯ ಸಸ್ಯಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈ ಆಕ್ಸೈಡನ್ನು ಒಳಗೊಳ್ಳುತ್ತವೆ. ಆದರೆ ಬಾಗಿಲು ತೆರೆದ ಮೇಲೆ ನೀರಾವಿ ಹೊರಹೋಗುವುದನ್ನು ತಡೆಯಲಾಗದು. ಒಣನಾಡಿನ ಗಿಡಕ್ಕೆ ಈ ವೆಚ್ಚ ತಾಳದು. ಆದುದರಿಂದ ಎಚೆವೇರಿಯಾ ತನ್ನ ರಂಧ್ರಗಳನ್ನು ಬಹುಮಟ್ಟಿಗೆ ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ; ಆಗ ಪಡೆದ ಇಂಗಾಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು, ಬಿಸಿಲಿನ ಬಲದಿಂದ ಅದನ್ನು ಸಕ್ಕರೆಯಾಗಿಸುತ್ತದೆ.

ಈ ವ್ಯವಹಾರದ ಮೊದಲ ಸುಳಿವುಗಳಲ್ಲೊಂದು ದೊರೆತದ್ದು ನಮ್ಮ ದೇಶದಲ್ಲಿಯೇ, ಅದೂ ಒಬ್ಬನ ನಾಲಿಗೆಗೆ. ಬೆಂಜಮಿನ್ ಹೈನೆ ಎಂಬ ಜರ್ಮನ್ ವೈದ್ಯನು ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿಯಾಗಿದ್ದನು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಕೆಲವು ಕಾಲ ಬೆಂಗಳೂರಿನ ಲಾಲ್‌ಬಾಗ್ ಅವನ ಉಸ್ತುವಾರಿಯಲ್ಲಿದ್ದಿತು. ಎಚೆವೇರಿಯಾದ ಬಂಧುವಾದ ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿಯೂ, ಮಧ್ಯಾಹ್ನ ಸಪ್ಪೆಯಾಗಿಯೂ, ಸಂಜೆ ತುಸು ಕಹಿಯಾಗಿಯೂ ಇರುವುದನ್ನು ಅವನು ಅಗಿದು ನೋಡಿ ಕಂಡುಕೊಂಡನು. ಆ ಕುರಿತ ಅವನ ಪತ್ರವನ್ನು ಲಂಡನ್ನಿನ ಲಿನಿಯನ್ ಸೊಸೈಟಿ ೧೮೧೫ರಲ್ಲಿ ಅಚ್ಚುಮಾಡಿತು. ಓದುಗರು ಈ ಪ್ರಯೋಗವನ್ನು ಅನುಕರಿಸಬೇಕಾಗಿಲ್ಲ. ಕಾಡುಬಸಳೆಯಲ್ಲಿ ಹೃದಯಕ್ಕೆ ವಿಷವಾಗುವ ವಸ್ತುಗಳಿವೆ.

ಹೀಗೆ ಮಿತವ್ಯಯದಿಂದ ಬಾಳುವ ಗಿಡ ಕುಂಡದ ನೀರನ್ನು ಬಹಳ ನಿಧಾನವಾಗಿ ಹೀರುತ್ತದೆ. ತೊಂದರೆ ಇರುವುದು ಇಲ್ಲಿಯೇ. ಬೇರಿಗೂ ಉಸಿರು ಬೇಕು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ನೀರೇ ನಿಂತರೆ ಆಮ್ಲಜನಕ ಬೇರನ್ನು ತಲುಪದು. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಅದರ ಹರಡುವಿಕೆ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಉಸಿರುಗಟ್ಟಿದ ಬೇರನ್ನು ಕೊಳೆರೋಗ ಸುಲಭವಾಗಿ ಹಿಡಿಯುತ್ತದೆ.

ಕುಂಡದ ತಳದಲ್ಲಿ ರಂಧ್ರವಿದೆಯಲ್ಲ, ಹೆಚ್ಚಾದ ನೀರು ಹರಿದುಹೋಗಲಾರದೆ ಎಂದು ಕೇಳಬಹುದು. ಎಲ್ಲವೂ ಹೋಗಲಾರದು. ದೀಪದ ಬತ್ತಿಗೆ ಎಣ್ಣೆ ಏರುವುದು ಕೇಶಾಕರ್ಷಣೆಯಿಂದ. ಅದೇ ಬಲ ಮಣ್ಣಿನಲ್ಲಿ ನೀರನ್ನು ಹಿಡಿದು ನಿಲ್ಲಿಸುತ್ತದೆ. ಸಂದು ಕಿರಿದಾದಷ್ಟೂ ನೀರು ನಿಲ್ಲುವ ಎತ್ತರ ಹೆಚ್ಚು. ೦.೧ ಮಿಲಿಮೀಟರ್ ತ್ರಿಜ್ಯದ ನಳಿಗೆಯಲ್ಲಿ ಅದು ಸುಮಾರು ೧೫ ಸೆಂಟಿಮೀಟರ್, ೦.೫ ಮಿಲಿಮೀಟರಿನದರಲ್ಲಿ ೩ ಸೆಂಟಿಮೀಟರ್ ಮಾತ್ರ. ೧೦ ಸೆಂಟಿಮೀಟರ್ ಎತ್ತರದ ಕುಂಡಕ್ಕೆ ನುಣ್ಣನೆಯ ಮಣ್ಣು ತುಂಬಿದರೆ ತಳದಿಂದ ಮೇಲಿನವರೆಗೂ ಕೆಸರು ನಿಂತೀತು. ದಪ್ಪ ಕಣಗಳ ಮಿಶ್ರಣವಾದರೆ ತಳದ ಅಲ್ಪಭಾಗ ಮಾತ್ರ ತೊಯ್ದಿರುತ್ತದೆ.

ಇದನ್ನು ಅಡುಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ, ಅಡ್ಡಲಾಗಿ ಹಿಡಿದು, ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಬಳಿಕ ಅದನ್ನೇ ಉದ್ದವಾಗಿ ನಿಲ್ಲಿಸಿರಿ. ಮತ್ತೆ ನೀರು ಸುರಿಯತೊಡಗುತ್ತದೆ! ಸ್ಪಂಜು ಅದೇ, ತೂತುಗಳೂ ಅವೇ. ಹೆಚ್ಚಿದ್ದು ಎತ್ತರ ಮಾತ್ರ. ತಟ್ಟೆಯಂತಹ ಚಪ್ಪಟೆ ಕುಂಡಗಳು ನೋಟಕ್ಕೆ ಸೊಗಸಾದರೂ ಗಿಡಕ್ಕೆ ಅಪಾಯಕರವೆನ್ನಲು ಇದೇ ಕಾರಣ. ತಳಕ್ಕೆ ಜಲ್ಲಿ ಹಾಸಿದರೆ ನೀರು ಬಸಿಯುವುದೆಂಬ ನಂಬಿಕೆಯೂ ಸರಿಯಲ್ಲ. ಮೇಲಿನ ಮಣ್ಣು ತುಂಬ ತೊಯ್ಯುವವರೆಗೆ ನೀರು ಅದರ ಕಿರುಸಂದುಗಳನ್ನು ಬಿಟ್ಟು ಜಲ್ಲಿಯ ಹಿರಿಸಂದಿಗೆ ಇಳಿಯದು. ಕೆಸರಿನ ಪದರ ಬೇರಿಗೆ ಇನ್ನಷ್ಟು ಹತ್ತಿರ ಬಂದಂತಾಯಿತು, ಅಷ್ಟೆ. ಮಣ್ಣು ಸೋರದಂತೆ ರಂಧ್ರದ ಮೇಲೆ ಒಂದು ಹಂಚಿನ ಚೂರನ್ನಿಟ್ಟರೆ ಸಾಕು.

ಆದುದರಿಂದ ಒಂದು ಪಾಲು ತೋಟದ ಮಣ್ಣಿಗೆ ಎರಡು ಪಾಲು ದಪ್ಪ ಮರಳನ್ನೋ ೩–೫ ಮಿಲಿಮೀಟರಿನ ಇಟ್ಟಿಗೆಯ ಚೂರನ್ನೋ ಧೂಳು ಜರಡಿ ಹಿಡಿದು ಬೆರೆಸಬೇಕು. ಕುಂಡ ಸುಟ್ಟ ಮಣ್ಣಿನದಾಗಿದ್ದರೆ ಉತ್ತಮ. ಹೂಜಿಯ ಗೋಡೆಯಂತೆ ಅದರ ಗೋಡೆಯೂ ನೀರನ್ನು ಆವಿಯಾಗಿ ಬಿಟ್ಟುಕೊಡುತ್ತದೆ. ನೀರು ಹಾಕುವಾಗ ತಳದಿಂದ ಹರಿಯುವಷ್ಟು ಹಾಕಿ, ಮಣ್ಣು ಪೂರ್ತಿ ಒಣಗುವವರೆಗೆ ಮತ್ತೆ ಮುಟ್ಟಬಾರದು. ವಾರಕ್ಕಿಷ್ಟೆಂಬ ಲೆಕ್ಕ ನಿಷ್ಪ್ರಯೋಜಕ. ಕುಂಡವನ್ನು ಎತ್ತಿ ನೋಡಿದರೆ ಅದರ ಭಾರವೇ ಹೇಳುತ್ತದೆ. ಕೆಳಗಿನ ಎಲೆ ಸುಕ್ಕಾಗಿ ಮೆತ್ತಗಾದರೆ ಬಾಯಾರಿಕೆ. ಹಳದಿಯಾಗಿ, ಪಾರದರ್ಶಕವಾಗಿ, ಮುಟ್ಟಿದರೆ ಉದುರಿದರೆ ನೀರು ಮಿತಿಮೀರಿದೆ. ಮಳೆಗಾಲದಲ್ಲಿ ಗಿಡ ಸೂರಿನ ಕೆಳಗಿರಲಿ. ರಾತ್ರಿಯೂ ಸೆಕೆಯಿರುವ ಕರಾವಳಿಯಲ್ಲಿ ಇದರ ಆಮ್ಲಸಂಗ್ರಹ ಕುಗ್ಗುವುದರಿಂದ, ಬೆಂಗಳೂರು, ಮೈಸೂರುಗಳಲ್ಲಿ ಬಾಳಿದಂತೆ ಅಲ್ಲಿ ಬಾಳದು.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್‌ನಷ್ಟಿದ್ದರೆ, ಕಿಟಕಿಯಿಂದ ಎರಡು ಮೀಟರ್ ಒಳಗೆ ಅದು ಕೆಲವು ನೂರಕ್ಕೆ ಇಳಿದಿರಬಹುದು. ಕಣ್ಣು ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯದು. ಗಿಡಕ್ಕೆ ತಿಳಿಯುತ್ತದೆ. ಕಾಂಡ ನೀಳವಾಗಿ, ಎಲೆಗಳು ದೂರ ಸರಿದು, ಹೂವಿನಂತಿದ್ದುದು ಕಂಬದಂತಾಗುತ್ತದೆ. ಒಮ್ಮೆ ನೀಳವಾದ ಕಾಂಡ ಮತ್ತೆ ಕುಗ್ಗದು. ಗಿಡವನ್ನು ಬೆಳಗಿನ ಬಿಸಿಲಿಗೆ ಇಡಬೇಕು. ನೆರಳಿನಿಂದ ತರುವಾಗ ಎರಡು ವಾರಗಳಲ್ಲಿ ಮೆಲ್ಲಮೆಲ್ಲನೆ ರೂಢಿಮಾಡಿಸಬೇಕು. ಎಲೆಯ ಮೇಲಿನ ಬಿಳಿಪುಡಿ ಧೂಳಲ್ಲ, ಮೇಣ. ಅದು ಹೆಚ್ಚಿನ ಬೆಳಕನ್ನು ಪ್ರತಿಫಲಿಸಿ ಎಲೆಯನ್ನು ಕಾಯುತ್ತದೆ. ಒರೆಸಿದರೆ ಬೆರಳಿನ ಗುರುತು ಆ ಎಲೆ ಇರುವವರೆಗೂ ಉಳಿದೀತು.

ಎಲೆಗಳ ಸುತ್ತು ಕೂಡ ಬೆಳಕಿಗೆ ಒಪ್ಪುವಂಥದು. ಒಂದು ಎಲೆಗೂ ಮುಂದಿನದಕ್ಕೂ ನಡುವೆ ಸುಮಾರು ೧೩೭.೫ ಡಿಗ್ರಿ ಕೋನವಿರುವುದರಿಂದ ಯಾವ ಎಲೆಯೂ ಇನ್ನೊಂದರ ನೇರ ಮೇಲೆ ಬೀಳುವುದಿಲ್ಲ. ೧೯೯೨ರಲ್ಲಿ ಡುವಾಡಿ ಮತ್ತು ಕೂಡೆ ಎಂಬ ಫ್ರೆಂಚ್ ಭೌತವಿಜ್ಞಾನಿಗಳು, ಕಾಂತಕ್ಷೇತ್ರದಲ್ಲಿಟ್ಟ ಎಣ್ಣೆಯ ನಡುವೆ ಕಾಂತದ್ರವದ ಹನಿಗಳನ್ನು ಒಂದೊಂದಾಗಿ ಬೀಳಿಸಿದರು. ಪರಸ್ಪರ ದೂರ ತಳ್ಳಿದ ಆ ಹನಿಗಳು ತಾವಾಗಿಯೇ ಇದೇ ಸುರುಳಿಗಳನ್ನು ರಚಿಸಿದುವು. ಜೀವವಿಲ್ಲದ ಹನಿಗೂ ಈ ಲೆಕ್ಕ ಬರುತ್ತದೆ!

ಇಂತಹ ಗಿಡಗಳ ಮೋಹ ಕಾಡಿಗೂ ಮುಳುವಾಗಿದೆ. ಎಚೆವೇರಿಯಾದ ಬಳಗದ ಡಡ್ಲೀಯಾ ಗಿಡಗಳನ್ನು ಕ್ಯಾಲಿಫೋರ್ನಿಯಾದ ಕಡಲತಡಿಯ ಬಂಡೆಗಳಿಂದ ಕಿತ್ತು ಹೊರದೇಶಗಳಿಗೆ ಸಾಗಿಸುವ ಕಳ್ಳತನ ಬೆಳೆದು, ೨೦೨೧ರಲ್ಲಿ ಆ ರಾಜ್ಯ ಅದಕ್ಕೆಂದೇ ಒಂದು ಕಾನೂನು ಮಾಡಬೇಕಾಯಿತು.

ಎಚೆವೇರಿಯಾವನ್ನು ಹೆಚ್ಚಿಸುವುದೋ ಬಹು ಸುಲಭ. ಕೆಳಗಿನ ಒಂದು ಎಲೆಯನ್ನು ಬುಡ ಹರಿಯದಂತೆ ಮೆಲ್ಲನೆ ಅಲುಗಿಸಿ ಬಿಡಿಸಿ, ಗಾಯ ಒಣಗಲು ಮೂರುನಾಲ್ಕು ದಿನ ನೆರಳಿನಲ್ಲಿಟ್ಟು, ಬಳಿಕ ಮಣ್ಣಿನ ಮೇಲೆ ಸುಮ್ಮನೆ ಮಲಗಿಸಬೇಕು, ಹೂಳಬಾರದು. ಕೆಲವು ವಾರಗಳಲ್ಲಿ ಗಾಯವಿದ್ದಲ್ಲಿ ನಸುಗೆಂಪು ಬೇರುಗಳೂ ಬಟಾಣಿಯಷ್ಟು ಗಾತ್ರದ ಮರಿಯೂ ಮೂಡುತ್ತವೆ. ಆಗ ಮೇಲುಮಣ್ಣನ್ನು ಆಗಾಗ ತುಸು ತೇವಗೊಳಿಸಿದರಾಯಿತು. ಹಳೆಯ ಎಲೆ ಸುಕ್ಕುಗಟ್ಟಿ ತಾನಾಗಿಯೇ ಕಳಚುವವರೆಗೆ ಅದನ್ನು ಕೀಳಕೂಡದು. ಅಲ್ಲಿಯವರೆಗೂ ಮರಿಗೆ ನೀರಿನ ತೊಟ್ಟಿ ಅದೇ.