ಹೆಸರಿನ ಜಮಾ-ಖರ್ಚು

ಲೆಕ್ಕಪತ್ರ ಬರೆಯುವ ನಮ್ಮ ವಾಚಕ ಮಿತ್ರರಿಗೆ ‘ಗುಡ್‌ವಿಲ್’ ಎಂಬ ಮಾತು ಹೊಸದಲ್ಲ. ಅಂಗಡಿಯ ಕಟ್ಟಡ, ಸರಕು, ನಗದು ಎಲ್ಲಕ್ಕೂ ಬೆಲೆ ಕಟ್ಟಿ ಮುಗಿಸಿದ ಮೇಲೂ ಒಂದು ಆಸ್ತಿ ಉಳಿಯುತ್ತದೆ. ಅದೇ ಅಂಗಡಿಯ ಹೆಸರು. ವಿದ್ಯಾಸಂಸ್ಥೆಗೂ ಇಂಥ ಆಸ್ತಿಯುಂಟು. ಅದು ಹೇಗೆ ಕೂಡುತ್ತದೆ, ಹೇಗೆ ಕರಗುತ್ತದೆ, ಅದನ್ನು ನಂಬಿ ನಾವು ನಮ್ಮ ದುಡ್ಡನ್ನೂ ದುಡಿಮೆಯ ವರ್ಷಗಳನ್ನೂ ತೊಡಗಿಸಬಹುದೆ ಎಂಬುದನ್ನು ಒಂದು ನಿದರ್ಶನದಿಂದ ನೋಡೋಣ.

ಮುಂಬಯಿಯ ಚರ್ಚ್‌ಗೇಟ್ ನಿಲ್ದಾಣಕ್ಕೆ ಸಮೀಪದಲ್ಲಿ ಜಮ್ನಾಲಾಲ್ ಬಜಾಜ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸ್ಟಡೀಸ್ ಎಂಬ ಸಂಸ್ಥೆಯಿದೆ. ಇದು ಖಾಸಗಿ ಕಾಲೇಜಲ್ಲ; 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಸ್ಥೆ. ಈ ನಗರದಲ್ಲಿ ವಾಣಿಜ್ಯ ಶಿಕ್ಷಣ ಹಳೆಯದು. ಅದಕ್ಕೆಂದೇ ಸಿಡನ್‌ಹ್ಯಾಮ್ ಕಾಲೇಜು 1913ರಲ್ಲಿ ಹುಟ್ಟಿತು. 1918ರಿಂದ 1920ರ ವರೆಗೆ ಡಾ. ಅಂಬೇಡ್ಕರರು ಅಲ್ಲಿ ಅರ್ಥಶಾಸ್ತ್ರ ಬೋಧಿಸಿದರು. ಆದರೆ ಲೆಕ್ಕ ಬರೆಯುವ ವಿದ್ಯೆ ಬೇರೆ, ಉದ್ಯಮವನ್ನು ನಡೆಸುವ ವಿದ್ಯೆ ಬೇರೆ. ಈ ಎರಡನೆಯ ವಿದ್ಯೆಗಾಗಿ ವಿಶ್ವವಿದ್ಯಾಲಯವು 1965ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಹಕಾರದೊಡನೆ ಈ ಸಂಸ್ಥೆಯನ್ನು ತೆರೆಯಿತು. ಕಲ್ಕತ್ತೆ ಮತ್ತು ಅಹಮದಾಬಾದಿನ ಐಐಎಂಗಳು ಆಗ ನಾಲ್ಕೇ ವರ್ಷದ ಹಸುಗೂಸುಗಳು. ಬೆಂಗಳೂರಿನದು ಬಂದದ್ದು 1973ರಲ್ಲಿ.

ಇಂದು ದೇಶದ ಹೆಸರುವಾಸಿ ವ್ಯವಸ್ಥಾಪನಾ ಶಾಲೆಗಳಲ್ಲಿ ಇದೂ ಒಂದು. ಈ ಹೆಸರಿನ ಜಮಾ ಬದಿಯಲ್ಲಿ ಮೂರು ಬಾಬುಗಳನ್ನು ಕಾಣುತ್ತೇವೆ.

ಮೊದಲನೆಯದು ಪ್ರವೇಶ. ಇಲ್ಲಿ ಸ್ಥಾನ ದೊರೆಯುವುದು ಪ್ರವೇಶ ಪರೀಕ್ಷೆಯ ಅಂಕದಿಂದ, ತಂದೆಯ ತಿಜೋರಿಯಿಂದಲ್ಲ. ಶುಲ್ಕವೂ ಐಐಎಂಗಳ ಶುಲ್ಕಕ್ಕೆ ಹೋಲಿಸಿದರೆ ಬಹಳ ಕಡಿಮೆ. ಎರಡನೆಯದು ನೆಲೆ. ಬ್ಯಾಂಕು, ವಿಮೆ, ಷೇರುಪೇಟೆ, ಬಂದರು ಎಲ್ಲವೂ ಹತ್ತಿರದಲ್ಲೇ ಇರುವುದರಿಂದ, ಹಗಲೆಲ್ಲ ಕಚೇರಿಯಲ್ಲಿ ನಿರ್ಣಯ ಕೈಗೊಂಡವರೇ ತರಗತಿಗೆ ಬಂದು ಆ ನಿರ್ಣಯಗಳ ಗುಣದೋಷವನ್ನು ವಿವರಿಸಬಲ್ಲರು. ಮೂರನೆಯದು ಕಲಿತು ಹೋದವರ ಸಾಧನೆ. ಕೋಟಕ್ ಮಹೀಂದ್ರ ಬ್ಯಾಂಕಿನ ಸ್ಥಾಪಕ ಉದಯ ಕೋಟಕ್, ಉದ್ಯಮಿ ಅಜಯ ಪಿರಾಮಲ್, ಯೂನಿಲಿವರ್ ಕಂಪನಿಯ ಉನ್ನತ ಹುದ್ದೆಗೇರಿದ ಹರೀಶ್ ಮನ್ವಾನಿ ಇಲ್ಲಿಯ ಹಳೆಯ ವಿದ್ಯಾರ್ಥಿಗಳು. ಹಿಂದಿನವರು ದುಡಿದು ಗಳಿಸಿದ ಹೆಸರೇ ಮುಂದಿನವರಿಗೆ ಸಂದರ್ಶನದ ಬಾಗಿಲನ್ನು ತೆರೆಯುತ್ತದೆ.

ಈಗ ಖರ್ಚಿನ ಬದಿಯನ್ನೂ ನೋಡಬೇಕು. ಅಕ್ಕಿ ಒಳ್ಳೆಯದಾದರೆ ಅನ್ನ ಒಳ್ಳೆಯದಾಗುತ್ತದೆ, ಹೊಗಳಿಕೆ ಅಡಿಗೆಯವನ ಪಾಲಾಗುತ್ತದೆ. ಕಠಿಣ ಪರೀಕ್ಷೆಯಲ್ಲಿ ಸೋಸಿ ತೆಗೆದ ಹುಡುಗರು ಮುಂದೆ ಬಂದರೆ ಅದರಲ್ಲಿ ಶಾಲೆಯ ಪಾಲೆಷ್ಟು, ಹುಡುಗರ ಪಾಲೆಷ್ಟು? ಇದನ್ನು ಕೇಳದೆ ಯಾವ ಸಂಸ್ಥೆಯ ಕೀರ್ತಿಯನ್ನೂ ಒಪ್ಪಲಾಗದು. ಹೊರಗಿನಿಂದ ಬಂದು ಪಾಠ ಹೇಳುವವರು ಅನುಭವವನ್ನು ತರುತ್ತಾರೆ, ನಿಜ. ಆದರೆ ಗ್ರಂಥರಚನೆ, ಸಂಶೋಧನೆ, ಎಡವಿದ ವಿದ್ಯಾರ್ಥಿಯನ್ನು ಕರೆದು ತಿದ್ದುವುದು, ಇವು ಖಾಯಂ ಅಧ್ಯಾಪಕರಿಂದ ಆಗತಕ್ಕ ಕೆಲಸಗಳು. ಅಂಗಡಿಯ ಹೆಸರಿಗೆ ಒಬ್ಬ ಮಾಲೀಕನಿರುತ್ತಾನೆ, ಅವನು ಅದನ್ನು ಕಾಯುತ್ತಾನೆ. ಸಾರ್ವಜನಿಕ ಸಂಸ್ಥೆಯ ಹೆಸರಿಗೆ ಮಾಲೀಕರು ನಾವೆಲ್ಲರೂ. ಆದಕಾರಣವೇ ಅದು ಯಾರ ಗಮನಕ್ಕೂ ಬಾರದೆ ಕರಗಿಹೋಗುವ ಭಯವಿದೆ.

ವಾಚನಾಲಯದ ಮೇಜಿನ ಮೇಲಿನ ಪತ್ರಿಕೆಗಳಲ್ಲಿ ಕಾಲೇಜುಗಳ ಜಾಹೀರಾತು ‘ದೇಶಕ್ಕೆ ಇಷ್ಟನೆಯ ಸ್ಥಾನ’ ಎಂದು ಸಾರುತ್ತಿರುತ್ತದೆ. ಆ ಸ್ಥಾನ ಕೊಟ್ಟವರಾರು, ಯಾವ ಅಳತೆಗೋಲಿನಿಂದ ಎಂದು ವಿಚಾರಿಸಬೇಕು. ಕೇಂದ್ರ ಸರಕಾರವು 2016ರಿಂದ ಎನ್‌ಐಆರ್‌ಎಫ್ ಎಂಬ ಶ್ರೇಯಾಂಕ ಪಟ್ಟಿಯನ್ನು ಪ್ರಕಟಿಸುತ್ತಿದೆ. ಅದರ ಮ್ಯಾನೇಜ್‌ಮೆಂಟ್ ವಿಭಾಗದ ಅಳತೆಯಲ್ಲಿ 100ಕ್ಕೆ ಬೋಧನೆ ಮತ್ತು ಸೌಕರ್ಯಕ್ಕೆ 30, ಸಂಶೋಧನೆಗೆ 30, ವಿದ್ಯಾರ್ಥಿಗಳು ಪಡೆದ ಫಲಕ್ಕೆ 20, ಎಲ್ಲ ವರ್ಗದವರಿಗೂ ಅವಕಾಶ ನೀಡಿದ್ದಕ್ಕೆ 10, ಜನಾಭಿಪ್ರಾಯಕ್ಕೆ 10. ಅಂದರೆ ನಾಲ್ಕು ಜನ ಆಡುವ ಮಾತಿಗೆ ಸಂದದ್ದು ಹತ್ತರಲ್ಲೊಂದು ಪಾಲು ಮಾತ್ರ. ನಾವು ಮಾತ್ರ ಅದೊಂದನ್ನೇ ನೂರಕ್ಕೆ ನೂರೆಂದು ಎಣಿಸಿ ಸಾಲ ಎತ್ತಲು ಹೊರಡುತ್ತೇವೆ!

ಇದರಲ್ಲಿ ನೌಕರಿಯಲ್ಲಿರುವ ನಮಗೇನು ಎಂದು ಕೆಲವರು ಕೇಳಿಯಾರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಕನ್ನಡಿಗರ ಪರಂಪರೆ ಮುಂಬಯಿಯ ಕೋಟೆ ಪ್ರದೇಶಕ್ಕೆ ಚೆನ್ನಾಗಿ ಗೊತ್ತು. ಆ ರಾತ್ರಿಶಾಲೆಯ ದಾರಿ ಎಸ್‌ಎಸ್‌ಸಿಗೇ ನಿಲ್ಲಬೇಕಾಗಿಲ್ಲ. ದೂರಶಿಕ್ಷಣದಿಂದ ಬಿ.ಕಾಂ. ಮುಗಿಸಬಹುದು. ಪದವೀಧರ ನೌಕರರಿಗಾಗಿ ಹಣಕಾಸು, ಮಾರಾಟ ಮುಂತಾದ ವಿಷಯಗಳಲ್ಲಿ ಮೂರು ವರ್ಷದ ಅರೆಕಾಲಿಕ ಸ್ನಾತಕೋತ್ತರ ಪಾಠಕ್ರಮಗಳನ್ನೂ ಈ ವಿಶ್ವವಿದ್ಯಾಲಯ ನಡೆಸುತ್ತ ಬಂದಿದೆ. 1954ರಲ್ಲಿ ಆರಂಭವಾದ ದಿಲ್ಲಿ ವಿಶ್ವವಿದ್ಯಾಲಯದ ವ್ಯವಸ್ಥಾಪನಾ ವಿಭಾಗದಲ್ಲಿಯೂ ದುಡಿಯುವವರಿಗೆ ಸಂಜೆಯ ತರಗತಿಗಳು ನಡೆದಿವೆ.

ಅರ್ಜಿ ಹಾಕುವ ಮುನ್ನ ನಾಲ್ಕು ಸಂಗತಿಗಳನ್ನು ವಿಶ್ವವಿದ್ಯಾಲಯದ ಪ್ರಕಟಣೆಯಿಂದಲೇ ತಿಳಿಯಬೇಕು, ದಲ್ಲಾಳಿಯ ಬಾಯಿಂದಲ್ಲ. ಈ ವರ್ಷ ತರಗತಿ ನಡೆಯುತ್ತದೆಯೆ? ಎಷ್ಟು ವರ್ಷದ ನೌಕರಿಯ ಅನುಭವ ಬೇಕು? ಊರಿನಲ್ಲಿ ಪದವಿ ಪಡೆದವರಿಗೆ ಸ್ಥಾನಗಳೆಷ್ಟು? ಹಗಲಿನ ವಿದ್ಯಾರ್ಥಿಗಳನ್ನು ಆರಿಸಲು ಬರುವ ಕಂಪನಿಗಳು ಸಂಜೆಯವರನ್ನೂ ನೋಡುತ್ತವೆಯೆ? ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಎದೆಗುಂದಬೇಕಾಗಿಲ್ಲ. ನೌಕರಿಯಲ್ಲಿರುವವನು ಕಲಿತದ್ದನ್ನು ಮರುದಿನ ಬೆಳಗ್ಗೆಯೇ ತನ್ನ ಮೇಜಿನ ಮೇಲೆ ಪ್ರಯೋಗಿಸಿ ನೋಡಬಲ್ಲನು. ಹಗಲಿನ ವಿದ್ಯಾರ್ಥಿಗೆ ಆ ಅನುಕೂಲವಿಲ್ಲ.

ಸಂಸ್ಥೆಯ ಹೆಸರು ನಮ್ಮನ್ನು ಬಾಗಿಲ ವರೆಗೆ ಕರೆದೊಯ್ಯುತ್ತದೆ. ಒಳಗೆ ಹೋದ ಮೇಲೆ ಕುರ್ಚಿಯಲ್ಲಿ ಉಳಿಯುವುದು ನಮ್ಮ ಕೆಲಸದಿಂದ. ಆ ಕೆಲಸ ಚೊಕ್ಕವಾದರೆ ಸಂಸ್ಥೆಯ ಖಾತೆಗೆ ನಾವೂ ಒಂದಿಷ್ಟು ಜಮೆ ಮಾಡಿದಂತಾಯಿತು.