ಕಡಲಲ್ಲಿ ಮಡಿದವನಿಗೂ ಒಂದು ಕಲ್ಲು

ಪ್ರಶ್ನೆ: ನಮ್ಮ ಧಾರವಾಡ ಸೀಮಿಯೊಳಗ ತುರು ಬಿಡಿಸಾಕ ಹೋಗಿ ಸತ್ತವರ, ಊರಿಗಾಗಿ ಸತ್ತವರ ವೀರಗಲ್ಲು ಗುಡಿ ಮುಂದ, ಕೆರಿ ದಂಡಿಗೆ ಸಿಗತಾವ. ಸಮುದ್ರದಾಗ ಹಡಗಿನ ಮ್ಯಾಲೆ ಕಾದಾಡಿ ಸತ್ತವರಿಗೂ ಹಿಂಗ ಕಲ್ಲು ನಿಲ್ಲಿಸ್ತಿದ್ರೇನ್ರಿ?
– ಒಬ್ಬ ಓದುಗರು, ಹೆಬ್ಬಳ್ಳಿ

ಉತ್ತರ: ನಿಲ್ಲಿಸುತ್ತಿದ್ದರು. ಅಂಥ ಕಲ್ಲುಗಳು ಇಂದಿಗೂ ಉಳಿದಿವೆ. ನೌಕಾಯುದ್ಧ ಕೆತ್ತಿದ ಕದಂಬರ ಕಾಲದ ವೀರಗಲ್ಲುಗಳು ಗೋವೆಯಲ್ಲಿವೆ. ಇನ್ನೂ ಹೆಸರಾದವು ಮುಂಬೈಯ ಬೋರಿವಲಿ ಹತ್ತಿರದ ಎಕ್ಸಾರ್ ಎಂಬಲ್ಲಿವೆ.

ಎಕ್ಸಾರ್ ಕಲ್ಲುಗಳು ಆಳೆತ್ತರಕ್ಕೂ ಮಿಗಿಲಾದವು. ಅವುಗಳ ವಿನ್ಯಾಸ ನೀವು ನಿಮ್ಮ ಕಡೆ ಕಂಡದ್ದೇ: ಕೆಳಗಿನ ಪಟ್ಟಿಕೆಗಳಲ್ಲಿ ಕಾಳಗ, ಅದರ ಮೇಲೆ ಮಡಿದವನ ಸ್ವರ್ಗಯಾತ್ರೆ, ತುದಿಯಲ್ಲಿ ಶಿವಸನ್ನಿಧಿ. ಆದರೆ ಕೆಲವು ಕಲ್ಲುಗಳ ಕಾಳಗದಲ್ಲಿ ಕುದುರೆ, ದನಗಳ ಜಾಗಕ್ಕೆ ಹಡಗುಗಳು ಬಂದಿವೆ. ಹತ್ತಿರ ನಿಂತು ನೋಡಿದರೆ ಮೇಲಕ್ಕೆ ಬಾಗಿದ ಮೂತಿ, ಕೂವೆಮರ, ಪಕ್ಕದಲ್ಲಿ ಸಾಲಾಗಿ ಇಳಿಬಿಟ್ಟ ಹುಟ್ಟುಗಳು ಕಾಣುತ್ತವೆ. ಒಂದೆಡೆ ಹಲವು ಹಡಗುಗಳು ಒಂದನ್ನೇ ಮುತ್ತಿವೆ; ಆ ಹಡಗಿನವರು ನೀರಿಗೆ ಉರುಳುತ್ತಿದ್ದಾರೆ. ನೀರುಪಾಲಾದ ದೇಹ ಮನೆಯವರ ಕೈಗೆ ಸಿಗಲಿಲ್ಲ. ಶಿಲ್ಪಿ ಆ ಕೊನೆಯ ಗಳಿಗೆಯನ್ನು ಕಲ್ಲಿನಲ್ಲಿ ಹಿಡಿದಿಟ್ಟ.

ಇದು ಯಾವ ಯುದ್ಧ? ಸುಮಾರು 1265ರಲ್ಲಿ ಸೇವುಣರ ಮಹಾದೇವ ಉತ್ತರ ಕೊಂಕಣದ ಶಿಲಾಹಾರ ದೊರೆ ಸೋಮೇಶ್ವರನ ಮೇಲೆ ನಡೆಸಿದ ದಂಡಯಾತ್ರೆ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಸೋಮೇಶ್ವರ ಕಡಲಲ್ಲೇ ಮುಳುಗಿದನೆಂದು ಮಹಾದೇವನ ಮಂತ್ರಿ ಹೇಮಾದ್ರಿಯ ಪ್ರಶಸ್ತಿ ಸಾರುತ್ತದೆ. ಗೆದ್ದ ಸೇವುಣರು ನಿಮ್ಮ ನೆಲವನ್ನೂ ಆಳಿದವರು. ಅವರ ಕನ್ನಡ ಶಾಸನಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ.

ಕಡಲಿಗೂ ಧಾರವಾಡಕ್ಕೂ ಎಲ್ಲಿಯ ನಂಟು ಎನ್ನಬೇಡಿ. ಧಾರವಾಡದ ಮಗ್ಗುಲಲ್ಲೇ ಇರುವ ನರೇಂದ್ರದ 1125ರ ಶಾಸನ ಗೋವೆಯ ಕದಂಬ ದೊರೆ ಚಟ್ಟಯ್ಯನ ಹಡಗುಗಳ ಬಗ್ಗೆ ಹಾಡಿ ಹೊಗಳುತ್ತದೆ: ಅವನು ಹಡಗುಗಳನ್ನೇ ಸಾಲಾಗಿಟ್ಟು ಲಂಕೆಯವರೆಗೆ ಸೇತುವೆ ಕಟ್ಟಿದನಂತೆ, ಅವನು ಸಮುದ್ರದ ಮೇಲೆ ಬರುವ ಸುದ್ದಿ ಕೇಳಿ ಠಾಣೆಯ ಶಿಲಾಹಾರ ದೊರೆ ಎದುರುಗೊಂಡು ಮಗಳನ್ನೇ ಕೊಟ್ಟನಂತೆ. ಕವಿಯ ಉತ್ಪ್ರೇಕ್ಷೆ ಕಳೆದರೂ, ಬಯಲುಸೀಮೆಯ ಈ ಊರಿನ ಕಲ್ಲಿನಲ್ಲಿ ಕಡಲಿನ ಸದ್ದಿದೆ ಎಂಬುದು ಉಳಿಯುತ್ತದೆ. ಕಾರವಾರದ ನೌಕಾನೆಲೆಗೆ ಐಎನ್‌ಎಸ್ ಕದಂಬ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಈ ಪದ್ಧತಿ ನಿಂತೂ ಇಲ್ಲ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಬಳಿ ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡದೆ ಅದರೊಂದಿಗೇ ಮುಳುಗಿದರು. ಅವರೆಲ್ಲರ ಸ್ಮಾರಕ ಇಂದು ದೀವ್ ದಡದಲ್ಲಿ, ಅವರನ್ನು ನುಂಗಿದ ಅದೇ ಸಮುದ್ರಕ್ಕೆ ಮುಖಮಾಡಿ ನಿಂತಿದೆ.

ನೆಲದ ಮೇಲೆ ಸತ್ತವನಿಗೆ ಬಿದ್ದ ಜಾಗವಾದರೂ ಇರುತ್ತದೆ. ಕಡಲಲ್ಲಿ ಸತ್ತವನಿಗೆ ಅದೂ ಇಲ್ಲ. ಅವನ ಹೆಂಡತಿ, ಮಕ್ಕಳು ಬಂದು ಹೂವಿಡಲು, ಕೈಮುಗಿಯಲು ಒಂದು ನೆಲೆ ಬೇಕಲ್ಲ, ಅದಕ್ಕೇ ಈ ಕಲ್ಲು. ನಿಮ್ಮೂರ ವೀರಗಲ್ಲಿನ ಮೇಲೆ ಹಾವಸೆ ಕಟ್ಟಿದ್ದರೆ ಮೆಲ್ಲಗೆ ಬರಿಗೈಯಿಂದ ಒರೆಸಿ ನೋಡಿ. ಅಲ್ಲಿಯೂ ಒಂದು ಮನೆಯವರು ಹೀಗೆಯೇ ಕೈಮುಗಿದು ನಿಂತಿದ್ದರು.